ಹೆಸರು ಬೇಡ, ಕಾರಣ ಹೇಳಿ

ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿ, ಮಂಡ್ಯದ ಮಗ್ಗುಲಿಗೆ, ಯಲಿಯೂರು ಎಂಬ ಸಣ್ಣ ನಿಲ್ದಾಣವಿದೆ. ಹಳಿಯ ಒಂದು ತುದಿಗೆ ಬೆಂಗಳೂರಿನ ರೇಸ್‌ಕೋರ್ಸ್, ಇನ್ನೊಂದು ತುದಿಗೆ ಚಾಮುಂಡಿ ಬೆಟ್ಟದ ಬುಡದ ಮೈಸೂರು ರೇಸ್ ಮೈದಾನ. ಮೈಸೂರು ರೇಸ್ ಕ್ಲಬ್ ಶುರುವಾದದ್ದು 1891ರಲ್ಲಿ. ಬೇಸಿಗೆಯ ಕೊನೆಯಿಂದ ಮಳೆಗಾಲದ ನಡುವರೆಗೆ ಬೆಂಗಳೂರಿನಲ್ಲಿ ರೇಸು, ಆಮೇಲೆ ದಸರಾ ಹೊತ್ತಿಗೆ ಮೈಸೂರಿನಲ್ಲಿ, ಚಳಿಗಾಲಕ್ಕೆ ಮತ್ತೆ ಬೆಂಗಳೂರಿನಲ್ಲಿ. ನಡುವಿನ ಊರುಗಳಲ್ಲಿ ಕುದುರೆ ಬಾಲಕ್ಕೆ ದುಡ್ಡು ಕಟ್ಟುವವರಿಗೆ ವರ್ಷವಿಡೀ ಎರಡು ಕಡೆಯಿಂದಲೂ ಟಿಪ್ಸ್ ಹರಿದು ಬರುತ್ತದೆ.

ಆ ಟಿಪ್ಸ್ ಸಾಮಾನ್ಯವಾಗಿ ಹೀಗಿರುತ್ತದೆ.

“ನಾಲ್ಕನೇ ರೇಸಿಗೆ ಯಾವ್ದಣ್ಣ?”

“ಕಣ್ಮುಚ್ಕೊಂಡು ಆರನೇ ನಂಬರ್ ಕಟ್ಟು.”

“ಯಾಕಣ್ಣ ಅದೇ?”

“ಒಳಗಿನ ಸುದ್ದಿ ಕಣಪ್ಪ.”

ಕೇಳಬೇಕಾದ ಪ್ರಶ್ನೆಯನ್ನು ತಮ್ಮ ಸರಿಯಾಗಿಯೇ ಕೇಳಿದ. ಅಣ್ಣನ ಹತ್ತಿರ ಉತ್ತರವಿರಲಿಲ್ಲ. ಕುದುರೆಯ ಹೆಸರನ್ನು ಯಾರು ಬೇಕಾದರೂ ಹೇಳಬಹುದು, ಹತ್ತು ಕುದುರೆ ಓಡುವ ರೇಸಿನಲ್ಲಿ ಕಣ್ಣುಮುಚ್ಚಿ ಬೆರಳಿಟ್ಟರೂ ಹತ್ತರಲ್ಲಿ ಒಂದು ಸಲ ಸರಿ ಬರುತ್ತದೆ. ನಿಜವಾದ ಟಿಪ್ಸ್ ಎಂದರೆ ಆ ಹೆಸರಿನ ಹಿಂದಿರುವ ಕಾರಣ. ಆ ಕಾರಣ ಬಹುಪಾಲು ಎಲ್ಲರ ಕೈಗೂ ಸಿಗುವ ರೇಸ್ ಪುಸ್ತಕದಲ್ಲೇ ಅಚ್ಚಾಗಿರುತ್ತದೆ. ಓದುವವರು ಕಡಿಮೆ.

ಮೊದಲು ಓದಬೇಕಾದದ್ದು ತೂಕ. ನಮ್ಮಲ್ಲಿನ ಬಹುತೇಕ ರೇಸುಗಳು ಹ್ಯಾಂಡಿಕ್ಯಾಪ್ ರೇಸುಗಳು. ಪ್ರತಿ ಕುದುರೆಗೂ ಅದುವರೆಗಿನ ಸಾಧನೆ ನೋಡಿ ಕ್ಲಬ್ಬಿನ ಹ್ಯಾಂಡಿಕ್ಯಾಪರ್ ಒಂದು ಅಂಕ ಕೊಡುತ್ತಾನೆ. ಕೆಳಗಿನ ದರ್ಜೆಯ ಕುದುರೆಗಳ ಅಂಕ 25ರ ಒಳಗೆ, ಮೇಲಿನ ದರ್ಜೆಯವುಗಳದ್ದು 80 ದಾಟಿ. ಒಂದು ಅಂಕಕ್ಕೆ ಅರ್ಧ ಕೆ.ಜಿ. ಲೆಕ್ಕ. 60 ಅಂಕದ ಕುದುರೆ 60 ಕೆ.ಜಿ. ಹೊತ್ತು ಓಡಿದರೆ, ಅದೇ ರೇಸಿನಲ್ಲಿ 44 ಅಂಕದ್ದು 52 ಕೆ.ಜಿ. ಹೊರುತ್ತದೆ. ಜಾಕಿಯ ಮೈತೂಕ, ಜೀನು, ಕಡಿಮೆ ಬಿದ್ದರೆ ಜೀನಿನ ಚೀಲದಲ್ಲಿ ಸೀಸದ ತುಂಡು, ಎಲ್ಲ ಸೇರಿ ಆ ತೂಕ. ಎಲ್ಲ ಕುದುರೆಗಳೂ ಒಟ್ಟಿಗೇ ಗುರಿ ಮುಟ್ಟುವಂತೆ ಮಾಡುವುದೇ ಹ್ಯಾಂಡಿಕ್ಯಾಪರನ ಗುರಿ. ಆತ ಎಲ್ಲಿ ತಪ್ಪಿದ್ದಾನೆ ಎಂದು ಹುಡುಕುವುದು ಟಿಪ್ಸ್ ಬರೆಯುವವನ ಕೆಲಸ.

1,600 ಮೀಟರ್ ಓಟದಲ್ಲಿ ಒಂದು ಕೆ.ಜಿ. ಹೆಚ್ಚಾದರೆ ಕುದುರೆ ಹೆಚ್ಚುಕಡಿಮೆ ಒಂದು ‘ಲೆಂಗ್ತ್’ ಹಿಂದೆ ಬೀಳುತ್ತದೆ ಎಂಬುದು ಹಳೆಯ ಲೆಕ್ಕಾಚಾರ. ಲೆಂಗ್ತ್ ಎಂದರೆ ಕುದುರೆಯ ಮೈಯುದ್ದ, ಸುಮಾರು ಎಂಟು ಅಡಿ. ಓಟದ ವೇಗದಲ್ಲಿ ಅದು ಸೆಕೆಂಡಿನ ಆರನೇ ಒಂದು ಭಾಗದಷ್ಟು ಹೊತ್ತು. ಈಗ ಒಂದು ಕುದುರೆ ಹೋದ ವಾರ ಮೂರು ಲೆಂಗ್ತಿನಿಂದ ಗೆದ್ದಿತು ಎನ್ನಿ. ಹ್ಯಾಂಡಿಕ್ಯಾಪರ್ ಅದರ ಅಂಕವನ್ನು ಎಂಟು ಏರಿಸಿದ. ಈ ವಾರ ಅದರ ಬೆನ್ನ ಮೇಲೆ ನಾಲ್ಕು ಕೆ.ಜಿ. ಹೆಚ್ಚು. ಹೋದ ವಾರ ಸೋತ ಕುದುರೆಯೇ ಈ ಸಲ ಪಕ್ಕದಲ್ಲಿ ನಿಂತರೆ, ಗೆದ್ದದ್ದರ ಮೇಲುಗೈ ಕಾಗದದ ಮೇಲೆ ಪೂರ್ತಿ ಅಳಿಸಿಹೋಗಿದೆ. “ಹೋದ ಸಲ ಗೆದ್ದಿತ್ತಲ್ಲ” ಎಂಬುದಕ್ಕಿಂತ ದುರ್ಬಲವಾದ ಕಾರಣ ರೇಸಿನಲ್ಲಿ ಇನ್ನೊಂದಿಲ್ಲ. ಅತಿ ಹೆಚ್ಚು ಜನ ದುಡ್ಡು ಕಟ್ಟುವುದು ಮಾತ್ರ ಅದೇ ಕಾರಣಕ್ಕೆ.

ಬಲ್ಲವನು ನೋಡುವುದು ಬೇರೆ ಕಡೆ. ಹೋದ ತಿಂಗಳು 1,200 ಮೀಟರಿನಲ್ಲಿ ನಾಲ್ಕನೆಯದಾಗಿ ಬಂದು, ಕೊನೆಯ 200 ಮೀಟರಿನಲ್ಲಿ ಎಲ್ಲಕ್ಕಿಂತ ಜೋರಾಗಿ ಓಡುತ್ತಿದ್ದ ಕುದುರೆ ಯಾವುದು? ಅದರ ಅಂಕ ಈಗ ಇಳಿದಿದೆಯೇ? ಈ ಸಲ 1,600 ಮೀಟರಿಗೆ ಹಾಕಿದ್ದಾರೆಯೇ? ತೂಕ ಇಳಿದು, ದೂರ ಬೆಳೆದು, ಜಾಕಿ ಅನುಭವಿಯಾಗಿದ್ದರೆ ಅಲ್ಲೊಂದು ಕಾರಣ ಹುಟ್ಟುತ್ತದೆ.

ದೂರದ ಲೆಕ್ಕಕ್ಕೆ ರಕ್ತವೂ ಸಾಕ್ಷಿ. ಗಿಡ್ಡ ದೂರಕ್ಕೆ ಸಿಡಿಯುವ ತಳಿಯೇ ಬೇರೆ, 2,400 ಮೀಟರ್ ಉಸಿರು ಹಿಡಿದು ಓಡುವ ತಳಿಯೇ ಬೇರೆ. ತಂದೆ ಯಾರು, ತಾಯಿಯ ತಂದೆ ಯಾರು ಎಂಬುದನ್ನು ರೇಸ್ ಪುಸ್ತಕ ಅಚ್ಚು ಹಾಕುವುದು ಅಲಂಕಾರಕ್ಕಲ್ಲ. ಟಿಪ್ಪು ಸುಲ್ತಾನ್ ತನ್ನ ಅಶ್ವದಳಕ್ಕೆಂದು ಕುಣಿಗಲ್ಲಿನಲ್ಲಿ ಕಟ್ಟಿದ ಕುದುರೆ ಫಾರಂ ಮುಂದೆ ರೇಸ್ ಕುದುರೆಗಳ ತವರಾಯಿತು. ಇಂಥ ಫಾರಂಗಳಲ್ಲಿ ಬೀಜದ ಕುದುರೆಯನ್ನು ಆರಿಸುವಾಗಲೇ ಮರಿ ಎಷ್ಟು ದೂರ ಓಡೀತು ಎಂಬ ಅಂದಾಜು ಅರ್ಧ ಆಗಿಹೋಗಿರುತ್ತದೆ.

ಆಮೇಲೆ ಮಳೆ. ಬೆಂಗಳೂರಿನ ಬೇಸಿಗೆ ಹಂಗಾಮು ಅರ್ಧ ಮಳೆಯಲ್ಲೇ ನಡೆಯುತ್ತದೆ, ಮೈಸೂರಿನದೂ ಅಷ್ಟೆ. ಮುಂಜಾನೆ ಪೆನೆಟ್ರೋಮೀಟರ್ ಎಂಬ ಸಲಕರಣೆಯ ಮೊನೆಯನ್ನು ಹುಲ್ಲುಹಾಸಿಗೆ ಇಳಿಸಿ ನೆಲ ಎಷ್ಟು ಮೆತ್ತಗಿದೆ ಎಂದು ಅಳೆದು ಪ್ರಕಟಿಸುತ್ತಾರೆ. ಒಣ ನೆಲದ ಮೇಲೆ ಗಾಳಿಯಂತೆ ಓಡುವ ಕುದುರೆ ಕೆಸರಿನಲ್ಲಿ ಕಾಲು ಕಿತ್ತಿಡಲು ಒದ್ದಾಡುವುದುಂಟು, ಒಣ ನೆಲದಲ್ಲಿ ಹಿಂದೆ ಬೀಳುವುದು ಮಳೆಯಲ್ಲಿ ಮುಂದೆ ಬರುವುದೂ ಉಂಟು. ಶುಕ್ರವಾರ ಸಂಜೆ ಬರೆದ ಟಿಪ್ಸ್ ಶನಿವಾರ ಬೆಳಗಿನ ಮಳೆಗೆ ಕೊಚ್ಚಿಹೋಗುತ್ತದೆ. ಆಗ ಅದನ್ನು ತಿದ್ದದೆ ಹಾಗೇ ಬಿಡುವವನು ಓದುಗರಿಗೆ ಅನ್ಯಾಯ ಮಾಡುತ್ತಾನೆ.

ಬೆಳಗಿನ ತಾಲೀಮಿನ ಸಮಯ ಪತ್ರಿಕೆಗಳಲ್ಲಿ ಬರುತ್ತದೆ. 600 ಮೀಟರ್ 44 ಸೆಕೆಂಡ್, ಚೆನ್ನಾಗಿ ಓಡಿತು ಎಂಬಂಥ ಸಾಲು. ಹೊಸಬರು ಗಡಿಯಾರವನ್ನೇ ನಂಬಿ ಕೆಡುತ್ತಾರೆ. ಬೆನ್ನ ಮೇಲಿದ್ದವನು ಜಾಕಿಯೋ, ತಾಲೀಮಿನ ಹುಡುಗನೋ? ಚಾವಟಿ ಆಡಿಸಿ ಓಡಿಸಿದ್ದೋ, ಲಗಾಮು ಹಿಡಿದೇ ಬಿಟ್ಟದ್ದೋ? ಎಳೆದು ಹಿಡಿದರೂ 44ರಲ್ಲಿ ಓಡಿದ ಕುದುರೆ, ಹೊಡೆದು ಓಡಿಸಿ 42ರಲ್ಲಿ ಮುಟ್ಟಿದ ಕುದುರೆಗಿಂತ ಮೇಲು. ಗಡಿಯಾರದ ಪಕ್ಕ ಬರೆದಿರುವ ಎರಡು ಪದಗಳಿಗೆ ಅದಕ್ಕಿಂತ ಹೆಚ್ಚು ಬೆಲೆಯಿದೆ.

ಇಷ್ಟೆಲ್ಲ ಹೇಳಿದ್ದು ಸಪಾಟು ನೆಲದ ಓಟಕ್ಕೆ. ನಮ್ಮ ಟರ್ಫ್ ಕ್ಲಬ್ಬುಗಳಲ್ಲಿ ಈಗ ನಡೆಯುವುದು ಅದೊಂದೇ. ಬೇಲಿ ಹಾರುತ್ತ ಓಡುವ ಜಂಪ್ ರೇಸ್ ಐರ್ಲೆಂಡ್, ಬ್ರಿಟನ್, ಫ್ರಾನ್ಸ್‌ಗಳ ಚಳಿಗಾಲದ ಆಟ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಪಂದ್ಯ ಕಟ್ಟಿ, ಬಟವಂಟ್ ಊರಿನ ಚರ್ಚಿನಿಂದ ಡೊನೆರೈಲ್ ಊರಿನ ಚರ್ಚಿನ ಗೋಪುರದವರೆಗೆ ಹೊಲ, ಹಳ್ಳ, ಕಲ್ಲುಗೋಡೆ ಎನ್ನದೆ ಕುದುರೆ ಹಾರಿಸಿಕೊಂಡು ಹೋದರಂತೆ, ಅಲ್ಲಿಂದ ಈ ಆಟದ ಕಥೆ ಶುರು. ಟಿಪ್ಸ್ ಹೇಳುವವನಿಗೆ ಇದು ಇನ್ನೂ ಕಠಿಣ ಪರೀಕ್ಷೆ, ಯಾಕೆಂದರೆ ಇಲ್ಲಿ ವೇಗದ ಜೊತೆ ಇನ್ನೊಂದು ಪ್ರಶ್ನೆ ಬಂದು ಕೂರುತ್ತದೆ: ಈ ಕುದುರೆ ಎದ್ದು ನಿಂತೇ ಗುರಿ ಮುಟ್ಟುತ್ತದೆಯೇ?

ಜಂಪ್ ರೇಸಿನ ಪುಸ್ತಕದಲ್ಲಿ ಕುದುರೆಯ ಹಿಂದಿನ ಓಟಗಳನ್ನು ಅಂಕಿ ಮತ್ತು ಅಕ್ಷರಗಳಲ್ಲಿ ಬರೆದಿರುತ್ತಾರೆ. 1, 2, 3 ಎಂದರೆ ಬಂದ ಸ್ಥಾನ. ‘ಎಫ್’ ಎಂದರೆ ಬಿದ್ದಿತು. ‘ಯು’ ಎಂದರೆ ಕುದುರೆ ನಿಂತಿತು, ಸವಾರ ಉರುಳಿದ. ‘ಪಿ’ ಎಂದರೆ ದಣಿದದ್ದಕ್ಕೋ ಕುಂಟಿದ್ದಕ್ಕೋ ಸವಾರನೇ ನಿಲ್ಲಿಸಿದ. ‘ಆರ್’ ಎಂದರೆ ಹಾರಲು ಒಪ್ಪಲಿಲ್ಲ. ‘ಬಿ’ ಎಂದರೆ ಬೇರೆ ಕುದುರೆ ಬಿದ್ದು ಇದನ್ನೂ ಕೆಡವಿತು. ಎಲ್ಲವೂ ಸೋಲೇ. ಆದರೆ ‘ಬಿ’ ಬಿದ್ದ ಕುದುರೆಯ ತಪ್ಪೇನೂ ಇಲ್ಲ, ಅದನ್ನು ಸೋಲೆಂದು ಎಣಿಸುವುದು ಮೂರ್ಖತನ. ಸಾಲಾಗಿ ಎರಡು ‘ಎಫ್’ ಕಂಡರೆ ಅದರ ಧೈರ್ಯವೋ ಕಣ್ಣಳತೆಯೋ ಕೆಟ್ಟಿದೆ. ‘ಆರ್’ ಕಂಡರೆ ಮನಸ್ಸು ಮುರಿದಿದೆ, ಅಂಥದ್ದನ್ನು ದೂರ ಇಡುವುದೇ ಲೇಸು. ಸಪಾಟು ಓಟದಲ್ಲಿ ಇಷ್ಟು ವಿವರವಾಗಿ ಸೋಲಿನ ಕಾರಣ ಬರೆದಿಡುವ ಪದ್ಧತಿ ಇಲ್ಲ. ನನಗೆ ಜಂಪ್ ರೇಸಿನಲ್ಲಿ ಅತಿ ಇಷ್ಟವಾದದ್ದು ಈ ಪ್ರಾಮಾಣಿಕತೆ.

ಅಲ್ಲಿನ ಕುದುರೆಗಳ ವಯಸ್ಸು, ತೂಕ ಎರಡೂ ಹೆಚ್ಚು. ನಮ್ಮಲ್ಲಿ ಮೂರು-ನಾಲ್ಕು ವರ್ಷದವು ಮೈದಾನ ಆಳುತ್ತವೆ. ಜಂಪ್ ರೇಸಿನಲ್ಲಿ ಎಂಟು, ಒಂಬತ್ತು, ಹತ್ತು ವರ್ಷದವು. ಇಂಗ್ಲೆಂಡಿನ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ರೇಸಿಗೆ ಏಳು ವರ್ಷ ತುಂಬದ ಕುದುರೆಗೆ ಪ್ರವೇಶವೇ ಇಲ್ಲ. ಸುಮಾರು 6.9 ಕಿ.ಮೀ. ದೂರ, 30 ಬೇಲಿ. ರೆಡ್ ರಮ್ ಎಂಬ ಕುದುರೆ 1973, 1974 ಮತ್ತು 1977ರಲ್ಲಿ ಇದನ್ನು ಗೆದ್ದಿತು, 1974ರಲ್ಲಿ 76 ಕೆ.ಜಿ. ಹೊತ್ತು. 1967ರಲ್ಲಿ ನಡೆದದ್ದು ಟಿಪ್ಸ್ ಹೇಳುವ ಪ್ರತಿಯೊಬ್ಬರೂ ನೆನಪಿಡಬೇಕಾದ ಘಟನೆ. 23ನೇ ಬೇಲಿಯ ಹತ್ತಿರ ಸವಾರನಿಲ್ಲದ ಕುದುರೆಯೊಂದು ಅಡ್ಡ ಬಂದು, ಮುಂದಿದ್ದವೆಲ್ಲ ಒಂದರ ಮೇಲೊಂದು ನಿಂತುಬಿಟ್ಟವು, ಬಿದ್ದವು. ಬಹಳ ಹಿಂದೆ ಉಳಿದಿದ್ದ ಫೊಯ್ನಾವನ್ ಎಂಬ ಕುದುರೆಗೆ ಅಲ್ಲಿಗೆ ಬರುವಷ್ಟರಲ್ಲಿ ದಾರಿ ಕಾಣಿಸಿತು. ಹಾರಿತು, ಗೆದ್ದಿತು. ಒಂದಕ್ಕೆ ನೂರರ ದರ. ಅದರ ತರಬೇತುದಾರನೇ ಆ ದಿನ ಬೇರೆ ಊರಿನ ರೇಸಿನಲ್ಲಿದ್ದ. ಕಾರಣ ಎಷ್ಟೇ ಗಟ್ಟಿಯಾಗಿರಲಿ, ಅದು ಸಂಭವದ ಲೆಕ್ಕವೇ ಹೊರತು ಭವಿಷ್ಯವಾಣಿಯಲ್ಲ.

ಬೇಲಿ ಹಾರುವ ಕುದುರೆ ಕನ್ನಡ ನಾಡಿಗೆ ಪೂರ್ತಿ ಅಪರಿಚಿತವೇನೂ ಅಲ್ಲ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಈವೆಂಟಿಂಗ್ ಸ್ಪರ್ಧೆಯ ಎರಡು ಬೆಳ್ಳಿ ಗೆದ್ದರು, ಒಂದು ವೈಯಕ್ತಿಕ, ಒಂದು ತಂಡದ್ದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದರು. ಈವೆಂಟಿಂಗ್‌ನ ಕ್ರಾಸ್‌ಕಂಟ್ರಿ ಹಂತ ಜಂಪ್ ರೇಸಿನ ನೆಂಟ: ಬಯಲಲ್ಲಿ ಓಡುತ್ತ ಮರದ ದಿಮ್ಮಿ, ನೀರಿನ ಹೊಂಡ, ದಿಬ್ಬಗಳನ್ನು ಹಾರಬೇಕು. ಅಲ್ಲಿ ಬಾಜಿ ಕಟ್ಟುವ ಗದ್ದಲವಿಲ್ಲ. ಕುದುರೆ ಮತ್ತು ಸವಾರನ ನಡುವಿನ ನಂಬಿಕೆಯನ್ನು ನೋಡಬೇಕೆಂದರೆ ಅದನ್ನು ನೋಡಬೇಕು.

ಪುಸ್ತಕ ಓದಿ ಮುಗಿದ ಮೇಲೆ ಉಳಿಯುವುದು ಕಣ್ಣಿನ ಕೆಲಸ. ರೇಸಿಗೆ ಮುಂಚೆ ಕುದುರೆಗಳನ್ನು ಪ್ಯಾಡಕ್‌ನಲ್ಲಿ ಸುತ್ತು ನಡೆಸುತ್ತಾರೆ. ಇಲ್ಲಿ ಮಂಡ್ಯ ಸೀಮೆಯ ರೈತನಿಗೆ ಪೇಟೆಯ ಟಿಪ್ಸ್‌ಗಾರನಿಗಿಲ್ಲದ ಒಂದು ಬಂಡವಾಳವಿದೆ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳಲು ನಿಂತವನು ಏನೇನು ನೋಡುತ್ತಾನೆ ನೆನಪಿಸಿಕೊಳ್ಳಿ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ; ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ. ಗೊರಸು ನೋಡುತ್ತಾನೆ. ನಡೆಸಿ ನೋಡುತ್ತಾನೆ, ತಿರುಗಿಸಿ ನೋಡುತ್ತಾನೆ. ಚರ್ಮದ ಹೊಳಪು, ಪಕ್ಕೆಯ ತುಂಬು, ಕಿವಿಯ ಚುರುಕು. ಗಾಡಿ ಓಟಕ್ಕೆ ಕಟ್ಟುವವನಾದರೆ ಜೋಡಿಯ ಎರಡೂ ಎತ್ತು ಒಂದೇ ಹೆಜ್ಜೆ ಹಾಕುತ್ತವೆಯೇ ಎಂದು ದೂರ ನಿಂತು ನೋಡುತ್ತಾನೆ. ಸುಳಿ ನೋಡುವುದೂ ಉಂಟು. ಸುಳಿಯನ್ನು ನಾನು ನಂಬುವುದಿಲ್ಲ, ಉಳಿದದ್ದನ್ನೆಲ್ಲ ನಂಬುತ್ತೇನೆ.

ಪ್ಯಾಡಕ್‌ನಲ್ಲಿ ನೋಡಬೇಕಾದದ್ದೂ ಅದೇ. ಸಲೀಸಾಗಿ ನಡೆಯುವ ಕುದುರೆಯ ಹಿಂಗಾಲು, ಮುಂಗಾಲು ಊರಿದ ಗುರುತನ್ನು ದಾಟಿ ಮುಂದೆ ಬೀಳುತ್ತದೆ. ನಡೆ ಗಿಡ್ಡವಾಗಿದ್ದರೆ ಎಲ್ಲೋ ನೋವಿದೆ. ಸೆಕೆಯಿಲ್ಲದ ದಿನ ಹಿಂದೊಡೆಗಳ ನಡುವೆ ಬಿಳಿ ನೊರೆ ಕಟ್ಟಿದ್ದರೆ ಕುದುರೆ ಗಾಬರಿಯಾಗಿದೆ, ಓಡುವ ಮೊದಲೇ ತನ್ನ ಶಕ್ತಿ ಕಳೆಯುತ್ತಿದೆ. ಮೂರು ವಾರದ ಹಿಂದೆ ಮಿಂಚುತ್ತಿದ್ದ ಮೈ ಇವತ್ತು ಮಂಕಾಗಿದ್ದರೆ ಯಾವ ಅಂಕಿಯೂ ಅದನ್ನು ಹೇಳುವುದಿಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಕುದುರೆಯ ಆಟಕ್ಕೆಂದೇ ಒಂದು ಭಾಗವಿದೆ. ಪ್ರಾಣಿಯನ್ನು ಹೀಗೆ ಕಣ್ಣಲ್ಲೇ ತೂಗುವ ವಿದ್ಯೆ ನಮ್ಮ ನೆಲದಲ್ಲಿ ಹೊಸದಲ್ಲ. ಅಂಥ ಕಣ್ಣಿದ್ದವನು ಮೊಬೈಲಿಗೆ ಬಂದ ನಂಬರು ನೋಡಿ ದುಡ್ಡು ಕಟ್ಟುವುದು ನನಗೆ ಸಂಕಟದ ವಿಷಯ.

ಆ ನಂಬರು ಕಳಿಸುವವನ ತಂತ್ರವನ್ನು ಬಿಡಿಸಿ ಹೇಳಬೇಕು. ಬ್ರಿಟನ್ನಿನ ಜಾದೂಗಾರ ಡೆರೆನ್ ಬ್ರೌನ್ 2008ರಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಇದನ್ನು ಮಾಡಿ ತೋರಿಸಿದ. ಆರು ಕುದುರೆಯ ರೇಸು. 7,776 ಜನರನ್ನು ಆರು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಕುದುರೆ ಹೇಳುವುದು. ಯಾವುದು ಗೆದ್ದರೂ 1,296 ಜನರಿಗೆ ಟಿಪ್ಸ್ ಸರಿ ಬಂದಿರುತ್ತದೆ. ಸೋತವರನ್ನು ಬಿಟ್ಟು ಗೆದ್ದವರನ್ನು ಮತ್ತೆ ಆರು ಪಾಲು. 216. ಮತ್ತೆ 36. ಮತ್ತೆ 6. ಐದನೇ ರೇಸು ಮುಗಿದಾಗ ಒಬ್ಬರು ಉಳಿಯುತ್ತಾರೆ, ಸತತ ಐದು ಸಲ ಸರಿಯಾದ ಟಿಪ್ಸ್ ಕಂಡವರು. ಅವರ ಪಾಲಿಗೆ ಕಳಿಸಿದವನು ತ್ರಿಕಾಲಜ್ಞಾನಿ. ಆರನೇ ಟಿಪ್ಸಿಗೆ ಎಷ್ಟು ಕೇಳಿದರೂ ಕೊಡುತ್ತಾರೆ. ಕಳಿಸಿದವನು ಒಂದು ಕುದುರೆಯನ್ನೂ ನೋಡಿರಬೇಕಿಲ್ಲ. ಸರಿ ಬಂದ ಟಿಪ್ಸ್‌ಗಳ ಚಿತ್ರಗಳನ್ನಷ್ಟೇ ಗುಂಪಿನಲ್ಲಿ ಹಂಚುವವರದ್ದೂ ಇದೇ ಲೆಕ್ಕ, ಗಾತ್ರ ಸಣ್ಣದು.

ಕುದುರೆ ರೇಸು ಕೌಶಲದ ಆಟವೋ, ಜೂಜೋ? 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. ಮದ್ರಾಸ್ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಕೆ.ಆರ್. ಲಕ್ಷ್ಮಣನ್ ಮೊಕದ್ದಮೆಯಲ್ಲಿ, ತಳಿ, ತರಬೇತಿ, ಸವಾರನ ಚಾತುರ್ಯ ಇವೆಲ್ಲ ಫಲಿತಾಂಶವನ್ನು ನಿರ್ಧರಿಸುವುದರಿಂದ ಇದು ಕೌಶಲದ ಆಟ ಎಂದು ತೀರ್ಪಾಯಿತು. ಮೇಲೆ ಹೇಳಿದ್ದನ್ನೆಲ್ಲ ನೋಡಿದರೆ ತೀರ್ಪು ಸರಿಯೆಂದೇ ನನಗನಿಸುತ್ತದೆ. ಕೌಶಲವಿದೆ. ಆದರೆ ಕೌಶಲವಿದ್ದರೆ ಲಾಭವಿದೆ ಎಂದು ಕೋರ್ಟ್ ಎಲ್ಲೂ ಹೇಳಲಿಲ್ಲ, ಜನ ಹಾಗೆ ಕೇಳಿಸಿಕೊಂಡರು.

ಲಾಭಕ್ಕೆ ಅಡ್ಡ ನಿಲ್ಲುವ ಮೊದಲನೆಯದು ದರ. ನೀವು ಓದಿದ ಪುಸ್ತಕವನ್ನೇ ಉಳಿದ ಸಾವಿರಾರು ಜನರೂ ಓದಿರುತ್ತಾರೆ. ಒಳ್ಳೆಯ ಕಾರಣವಿರುವ ಕುದುರೆಗೆ ದುಡ್ಡು ಹರಿದು ಅದರ ದರ ಇಳಿಯುತ್ತದೆ. ಹಾಂಗ್‌ಕಾಂಗಿನಲ್ಲಿ ಕಂಪ್ಯೂಟರ್ ಲೆಕ್ಕದಿಂದ ರೇಸು ಗೆದ್ದು ಹೆಸರಾದ ಬಿಲ್ ಬೆಂಟರ್ 1994ರಲ್ಲಿ ತನ್ನ ವಿಧಾನವನ್ನು ಬರೆದು ಪ್ರಕಟಿಸಿದ. ಅದರಲ್ಲಿನ ಮುಖ್ಯ ಮಾತು, ತನ್ನ ಲೆಕ್ಕಕ್ಕೆ ಸಿಗದ ತಿಳಿವಳಿಕೆ ಜನ ಕಟ್ಟಿದ ದರದಲ್ಲಿ ಅಡಗಿತ್ತು, ಅದನ್ನೂ ಸೇರಿಸಿಕೊಂಡಾಗಲೇ ಲೆಕ್ಕ ಕೂಡಿಬಂದದ್ದು ಎಂಬುದು. ಟಿಪ್ಸ್‌ಗಾರನ ಎದುರಾಳಿ ಕುದುರೆಯಲ್ಲ, ಬುಕ್ಕಿಯೂ ಅಲ್ಲ, ಅದೇ ಪುಸ್ತಕ ಓದಿದ ಇಡೀ ಜನಸಮೂಹ.

ಎರಡನೆಯದು ತೆರಿಗೆ. ಜಿ.ಎಸ್.ಟಿ.ಯನ್ನು ಪೂರ್ತಿ ಬಾಜಿ ಮೊತ್ತದ ಮೇಲಲ್ಲ, ಕ್ಲಬ್ಬಿನ ಕಮಿಷನ್ ಮೇಲಷ್ಟೇ ಹಾಕಬೇಕೆಂದು ಬೆಂಗಳೂರು ಟರ್ಫ್ ಕ್ಲಬ್ಬಿನ ಮೊಕದ್ದಮೆಯಲ್ಲಿ ಕರ್ನಾಟಕ ಹೈಕೋರ್ಟ್ 2021ರ ಜೂನ್‌ನಲ್ಲಿ ಹೇಳಿತ್ತು. ಕಾನೂನೇ ಬದಲಾಗಿ 2023ರ ಅಕ್ಟೋಬರ್ 1ರಿಂದ ಪೂರ್ತಿ ಬಾಜಿಯ ಮೇಲೆ ಶೇ 28 ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಯಿತು. ಇದರ ಮೇಲೆ ಗೆದ್ದ ಹಣಕ್ಕೆ ಶೇ 30 ಆದಾಯ ತೆರಿಗೆ ಬೇರೆ, ಮತ್ತು ಸೋತ ಬಾಜಿಗಳನ್ನು ಅದರಲ್ಲಿ ಕಳೆಯುವಂತಿಲ್ಲ.

ಹೆಚ್ಚು ಜನ ನಂಬಿದ ಕುದುರೆ, ಅಂದರೆ ಫೇವರಿಟ್, ಹೆಚ್ಚುಕಡಿಮೆ ಮೂರು ರೇಸಿಗೊಂದು ಗೆಲ್ಲುತ್ತದೆ. ಅದಕ್ಕೆ ತಕ್ಕ ನ್ಯಾಯವಾದ ದರ ಒಂದಕ್ಕೆ ಎರಡು. 100 ರೂಪಾಯಿಯ ಬಾಜಿ ಗೆದ್ದರೆ ಅಸಲು ಸೇರಿ ಕೈಗೆ 300. ಮೂರು ರೇಸಿಗೆ ಕಟ್ಟಿದರೆ ತೆರಿಗೆ ಸೇರಿ ಖರ್ಚು 420, ಬರುವುದು 300. ಯಾರೂ ಮೋಸ ಮಾಡದೆ, ಟಿಪ್ಸ್ ಸುಳ್ಳಾಗದೆ, ಕುದುರೆಗಳೆಲ್ಲ ನ್ಯಾಯವಾಗಿ ಓಡಿದರೂ ಕಳೆದುಕೊಂಡದ್ದು 120. ದುಡಿಮೆಯ ದುಡ್ಡನ್ನು ಇಂಥ ಲೆಕ್ಕಕ್ಕೆ ಸುರಿಯಬೇಡಿ ಎಂದು ಯಲಿಯೂರಿನ ಹುಡುಗರಿಗೂ ಮಳವಳ್ಳಿಯ ಹುಡುಗರಿಗೂ ನಾನು ನೇರವಾಗಿ ಹೇಳುತ್ತೇನೆ.

ಓದುವ ಆಸೆ ಇದ್ದವರು ದುಡ್ಡು ಕಟ್ಟದೆಯೇ ಓದಬಹುದು. ರೇಸಿನ ಹಿಂದಿನ ದಿನ ಒಂದು ನೋಟ್‌ಬುಕ್ಕಿನಲ್ಲಿ ಕುದುರೆಯ ಹೆಸರು, ಆರಿಸಿದ ಕಾರಣ ಎರಡು ಸಾಲಿನಲ್ಲಿ, ಆಗಿನ ದರ ಬರೆದಿಡಿ. ರೇಸು ಮುಗಿದ ಮೇಲೆ ಫಲಿತಾಂಶ ಬರೆಯಿರಿ, ಗೆದ್ದದ್ದನ್ನೂ ಸೋತದ್ದನ್ನೂ. ಹತ್ತು ರೇಸಿನಿಂದ ಏನೂ ಗೊತ್ತಾಗುವುದಿಲ್ಲ, ನೂರಾದರೂ ಬೇಕು. ಕಾಸು ತಗೊಂಡು ಟಿಪ್ಸ್ ಕೊಡುವವರಿಂದಲೂ ಇಂಥದ್ದೇ ಪುಸ್ತಕ ಕೇಳಿ. ಅದರಲ್ಲಿನ ಕುದುರೆಗಳೆಲ್ಲ ಒಂದಕ್ಕೆ ಎರಡರ ದರದವು ಎಂದಿಟ್ಟುಕೊಂಡರೆ ನೂರರಲ್ಲಿ 33 ಸಲ ಗೆಲ್ಲುವುದು ಸಹಜ. ಜಿ.ಎಸ್.ಟಿ. ಕಟ್ಟಿ ಅಸಲು ಉಳಿಸಿಕೊಳ್ಳುವುದಕ್ಕೇ 47 ಸಲ ಗೆದ್ದಿರಬೇಕು. ಆದಾಯ ತೆರಿಗೆಯನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.